‘ಮಿಸ್ಟಿ’ ಯಾರ ಹಾಡು?

ಇವತ್ತು ಸ್ವಲ್ಪ ಉದ್ದ ಬರೀತೇನೆ, ಪುರುಸೊತ್ತು ಇದ್ದಾಗ ಓದಿ. ಹೋರಾಟದ ಪೋಸ್ಟ್ ಅಲ್ಲ, ಒಂದು ಪ್ರೇಮಗೀತೆಯ ಕತೆ. ಹೋರಾಟ ಅದರೊಳಗೇ ಉಂಟು.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಚಿಕ್ಕಮ್ಮನ ಮಗ ವಾಟ್ಸಾಪಿನಲ್ಲಿ ಒಂದು ಕ್ಲಿಪ್ ಕಳಿಸಿದ. ಜೊತೆಗೆ ಒಂದೇ ಸಾಲು: ‘ಅಣ್ಣಾ, ಈ ಪದ್ಯ ಯಾರದ್ದು ಗೊತ್ತುಂಟಾ?’

ನಮ್ಮ ತಮ್ಮ ಬೇಸಿಗೆಯಲ್ಲಿ ರಬ್ಬರ್ ಟ್ಯಾಪಿಂಗಿಗೆ ಹೋಗ್ತಾನೆ, ಮದುವೆ ಸೀಸನಿನಲ್ಲಿ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸ್ತಾನೆ. ಮಳೆ ಹಿಡಿದರೆ ಎರಡೂ ಇಲ್ಲ. ಹಾಗಾಗಿ ಘಾಟಿಯ ಮೇಲೆ ಮಡಿಕೇರಿ ಕಡೆಯ ಒಂದು ರೆಸಾರ್ಟಿನಲ್ಲಿ ಸಂಜೆ ಹೊತ್ತು ನುಡಿಸುವ ಕೆಲಸ ಹಿಡಿದಿದ್ದ. ಅವರು ಕೈಗೆ ಒಂದು ಪಟ್ಟಿ ಕೊಟ್ಟಿದ್ದಾರೆ, ಗೆಸ್ಟುಗಳಿಗೆ ಇಷ್ಟವಾಗುವ ಇಂಗ್ಲಿಷ್ ಹಾಡುಗಳದ್ದು. ಅದರಲ್ಲಿ ಮೂರನೆಯದ್ದು ‘ಮಿಸ್ಟಿ’. ಹೊರಗೆ ಮಂಜು, ಒಳಗೆ ಮಂಜಿನ ಹಾಡು, ರೆಸಾರ್ಟಿನವರ ಲೆಕ್ಕ ಅಷ್ಟೇ.

ಇವನಿಗೆ ನೊಟೇಶನ್ ಓದ್ಲಿಕ್ಕೆ ಬರುವುದಿಲ್ಲ. ಯೂಟ್ಯೂಬಿನಲ್ಲಿ ಕೇಳಿ ಕೇಳಿ ಕೈಗೆ ತಂದುಕೊಂಡದ್ದು. ಎರಡು ವರ್ಷದ ಹಿಂದೆ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಡುವ ಕೆಲಸ ಕೇಳ್ಲಿಕ್ಕೆ ಒಂದು ಕಡೆ ಹೋಗಿದ್ದ. ನುಡಿಸು ಅಂತ ಕೂಡ ಹೇಳದೆ ಸರ್ಟಿಫಿಕೇಟ್ ಉಂಟಾ, ನೊಟೇಶನ್ ಓದ್ತೀಯಾ ಅಂತ ಕೇಳಿ ಕಳಿಸಿಬಿಟ್ಟಿದ್ದರು. ಆವತ್ತಿನಿಂದ ತಾನು ‘ಸುಮ್ಮನೆ ಬಾರಿಸುವವ’, ಸಂಗೀತಗಾರ ಅಲ್ಲ ಅಂತ ಅವನಿಗೇ ಅನ್ನಿಸಿಬಿಟ್ಟಿತ್ತು.

ಹಾಗಾಗಿ ಹಾಡು ಯಾರದ್ದು ಅಂತ ಹುಡುಕಿ ಹುಡುಕಿ ಸಿಕ್ಕಿದಾಗ ನಾನು ಎದ್ದು ಕೂತೆ. ‘ಮಿಸ್ಟಿ’ಯ ರಾಗ ಕಟ್ಟಿದವರು ಎರೋಲ್ ಗಾರ್ನರ್. ಅಮೆರಿಕದ ಪಿಟ್ಸ್‌ಬರ್ಗಿನ ಕಪ್ಪು ಮನುಷ್ಯ. ಜೀವಮಾನದಲ್ಲಿ ನೊಟೇಶನ್ ಓದ್ಲಿಕ್ಕೆ ಕಲಿಯದವರು.

(ಗಾರ್ನರನ್ನು ನಾನು ಬಹುವಚನದಲ್ಲೇ ಬರೀತೇನೆ. ವಿದೇಶಿ ಕಲಾವಿದರನ್ನೆಲ್ಲ ‘ಅವನು ಹುಟ್ಟಿದ, ಅವನು ಹಾಡಿದ’ ಅಂತ ಬರೆಯುವುದು ಕನ್ನಡದಲ್ಲಿ ರೂಢಿ, ಗೊತ್ತು. ಆದರೆ ನಮ್ಮಜ್ಜನನ್ನು ಧಣಿಗಳ ಮನೆಯ ಐದು ವರ್ಷದ ಮಗು ಕೂಡ ‘ಬಾ, ಹೋಗು’ ಅಂತ ಕರೆಯುವುದನ್ನು ಕೇಳಿ ಬೆಳೆದವ ನಾನು. ನನ್ನ ಕೈ ಬರುವುದಿಲ್ಲ.)

ಗಾರ್ನರ್ ಹುಟ್ಟಿದ್ದು 1921ರ ಜೂನ್ 15ಕ್ಕೆ. ಏಳು ವರ್ಷಕ್ಕೇ ಪಿಟ್ಸ್‌ಬರ್ಗಿನ ಕೆಡಿಕೆಎ ರೇಡಿಯೋದಲ್ಲಿ ಮಕ್ಕಳ ತಂಡದ ಜೊತೆ ನುಡಿಸಿದವರು. ಹನ್ನೊಂದಕ್ಕೆ ಅಲೆಘೆನಿ ನದಿಯ ದೋಣಿಗಳಲ್ಲಿ ಜನರನ್ನು ಕುಣಿಸಿದವರು. ಅಣ್ಣ ಲಿಂಟನ್ ಕೂಡ ಪಿಯಾನೋ ವಾದಕ. ತಮ್ಮ ಮಾತ್ರ ಎಲ್ಲವನ್ನೂ ಕಿವಿಯಿಂದಲೇ ಕಲಿತರು, ಒಮ್ಮೆ ಕೇಳಿದ್ದು ಕೈಗೆ ಬಂತು. ಆಳು ಗಿಡ್ಡ, ಪಿಯಾನೋ ಎದುರು ದಪ್ಪ ದಪ್ಪ ಟೆಲಿಫೋನ್ ಡೈರೆಕ್ಟರಿಗಳನ್ನು ಇಟ್ಟು ಅದರ ಮೇಲೆ ಕೂತು ನುಡಿಸುತ್ತಿದ್ದರಂತೆ. 1944ರಲ್ಲಿ ನ್ಯೂಯಾರ್ಕಿಗೆ ಹೋದರು. 1947ರಲ್ಲಿ ಚಾರ್ಲಿ ಪಾರ್ಕರ್ ಅಂಥ ದೊಡ್ಡ ಸ್ಯಾಕ್ಸೊಫೋನ್ ವಾದಕನ ಜೊತೆ ರೆಕಾರ್ಡ್ ಮಾಡಿದರು.

ಇಷ್ಟಾದರೂ ಪಿಟ್ಸ್‌ಬರ್ಗಿನ ಸಂಗೀತಗಾರರ ಯೂನಿಯನ್ ಅವರನ್ನು ಸದಸ್ಯ ಮಾಡಿಕೊಳ್ಳಲಿಲ್ಲ. ಕಾರಣ? ನೊಟೇಶನ್ ಓದಲು ಬರುವುದಿಲ್ಲ! 1956ರಲ್ಲಿ, ಹೆಸರು ಲೋಕಕ್ಕೆಲ್ಲ ಗೊತ್ತಾದ ಮೇಲೆ, ಅದೇ ಯೂನಿಯನ್ ಕರೆದು ಗೌರವ ಸದಸ್ಯತ್ವ ಕೊಟ್ಟಿತು.

ಇದನ್ನು ಫೋನಿನಲ್ಲಿ ಹೇಳಿದಾಗ ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ, ‘ಸತ್ಯವಾ ಅಣ್ಣ, ಈ ಜನಕ್ಕೂ ಓದ್ಲಿಕ್ಕೆ ಬರ್ತಿರಲಿಲ್ವಾ?’

ಈಗ ಹಾಡಿನ ವಿಷಯ. 1954. ಗಾರ್ನರ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಶಿಕಾಗೋಕ್ಕೆ ವಿಮಾನದಲ್ಲಿ ಹೋಗ್ತಾ ಇದ್ದರು. ಗುಡುಗು ಮಳೆ ದಾಟಿ ವಿಮಾನ ಇಳಿಯುವಾಗ ಕಿಟಕಿಯ ಹೊರಗೆ ಮಂಜಿನ ನಡುವೆ ಒಂದು ಕಾಮನಬಿಲ್ಲು. ರಾಗ ಅಲ್ಲೇ ಬಂತು. ಬರೆದಿಟ್ಟುಕೊಳ್ಳೋಣ ಅಂದರೆ ಬರೆಯಲು ಬರುವುದಿಲ್ಲ. ಮರೆತುಹೋಗದಿರಲಿ ಅಂತ ಕಣ್ಣು ಮುಚ್ಚಿ ಗುನುಗುತ್ತಾ ಎರಡೂ ಮೊಣಕಾಲನ್ನೇ ಪಿಯಾನೋ ಮಾಡಿಕೊಂಡು ಬೆರಳು ಆಡಿಸತೊಡಗಿದರು. ಪಕ್ಕದಲ್ಲಿ ಕೂತವರಿಗೆ ಈ ಮನುಷ್ಯನಿಗೆ ಏನೋ ಆಗಿದೆ ಅಂತ ಗಾಬರಿಯಾಗಿ ಗಗನಸಖಿಯನ್ನು ಕರೆದರಂತೆ. ಜಾಝ್ ಲೋಕದಲ್ಲಿ ಎಲ್ಲರೂ ಹೇಳುವ ಕತೆ ಇದು. ಅದೇ ವರ್ಷ ಜುಲೈ 27ರಂದು ಮರ್ಕ್ಯುರಿ ಕಂಪನಿಗೆ ಅವರ ತಂಡ ಇದನ್ನು ರೆಕಾರ್ಡ್ ಮಾಡಿತು. ಬೇಸ್ ನುಡಿಸಿದವರು ವಯಟ್ ರುದರ್, ಡ್ರಮ್ಸ್ ‘ಫ್ಯಾಟ್ಸ್’ ಹರ್ಡ್. ಮಾತಿಲ್ಲದ, ಬರೀ ವಾದ್ಯದ ಹಾಡು.

ಒಟ್ಟು 32 ಅಳತೆಯ ಪುಟ್ಟ ಕಟ್ಟಡ. ಪಲ್ಲವಿ ಎರಡು ಸಲ, ನಡುವೆ ಬೇರೆ ಬಣ್ಣದ ಒಂದು ತುಂಡು, ಮತ್ತೆ ಪಲ್ಲವಿ. ನಮ್ಮ ಸಿನಿಮಾ ಹಾಡು ಕೇಳಿದ ಕಿವಿಗೆ ಕಷ್ಟ ಏನಿಲ್ಲ. ಗಾರ್ನರ್ ಕೈಚಳಕ ಏನು ಅಂದರೆ, ಅವರ ಎಡಗೈ ಹೆಜ್ಜೆ ತಪ್ಪದೆ ನಡೀತದೆ, ಬಲಗೈ ಮಾತ್ರ ಒಂದು ಕೂದಲೆಳೆ ತಡವಾಗಿ ಬರ್ತದೆ. ಮಾತಾಡಬೇಕು ಅಂತ ಬಂದು ನಾಚಿಕೆಯಲ್ಲಿ ಬಾಗಿಲ ಹತ್ರ ನಿಂತವರ ಹಾಗೆ. ತಮ್ಮ ಹೇಳಿದ, ‘ಅಣ್ಣ, ಸ್ವರ ಎಲ್ಲ ಸಿಕ್ಕಿತು, ಆ ತಡ ಮಾತ್ರ ಸಿಗುವುದಿಲ್ಲ.’

ಆಮೇಲೆ ಜಾನಿ ಬರ್ಕ್ ಅನ್ನುವ ಬಿಳಿಯ ಕವಿ ಅದಕ್ಕೆ ಸಾಹಿತ್ಯ ಬರೆದರು. ಪ್ರೀತಿಯಲ್ಲಿ ದಾರಿ ಕಾಣದಷ್ಟು ಕಣ್ಣು ಮಂಜಾದವರ ಮಾತು ಅದು. ನೋಡಿ, ಕನ್ನಡದಲ್ಲೂ ನಾವು ‘ಕಣ್ಣು ಮಂಜಾಯಿತು’ ಅಂತಲೇ ಹೇಳ್ತೇವೆ. 1959ರಲ್ಲಿ ಜಾನಿ ಮ್ಯಾಥಿಸ್ ಹಾಡಿದ ಮೇಲೆ ಅದು ಮನೆಮನೆಯ ಹಾಡಾಯಿತು, ಅಮೆರಿಕದ ಪಟ್ಟಿಯಲ್ಲಿ 12ನೇ ಸ್ಥಾನಕ್ಕೆ ಏರಿತು. ಸಾರಾ ವಾನ್ ಹಾಡಿದರು, ಎಲ್ಲಾ ಫಿಟ್ಜ್‌ಜೆರಾಲ್ಡ್ ಹಾಡಿದರು. 1971ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ತನ್ನ ಮೊದಲ ನಿರ್ದೇಶನದ ಸಿನಿಮಾದ ಹೆಸರಿನಲ್ಲೇ ಈ ಹಾಡನ್ನು ಇಟ್ಟ. 1975ರಲ್ಲಿ ರೇ ಸ್ಟೀವನ್ಸ್ ಅದನ್ನು ಹಳ್ಳಿ ಶೈಲಿಗೆ ತಿರುಗಿಸಿ ಗ್ರ್ಯಾಮಿ ಹೊಡೆದ. ಜಾಝಿನಲ್ಲಿ ಎಲ್ಲರೂ ನುಡಿಸುವ, ಯಾರೂ ಹೇಳಿಕೊಡಬೇಕಾಗಿಲ್ಲದ ಹಾಡಿಗೆ ‘ಸ್ಟ್ಯಾಂಡರ್ಡ್’ ಅಂತಾರೆ. ‘ಮಿಸ್ಟಿ’ ಹಾಗಾಯಿತು.

ನಾನು ಇದನ್ನು ನಮ್ಮ ಗ್ರೂಪಿಗೆ ಹಾಕಿದ ದಿನ ಒಬ್ಬ ಹಿರಿಯ ಸಂಗಾತಿ ಕೇಳಿದರು: ‘ಎಂತ ಮಾರಾಯ, ನಮ್ಮವರು ಸಾಯ್ತಾ ಇದ್ದಾರೆ, ನೀನು ರೆಸಾರ್ಟಿನ ಪ್ರೇಮಗೀತೆ ಹಿಡ್ಕೊಂಡು ಕೂತಿದ್ದಿ?’

ಅವರು ಸುಮ್ಮನೆ ಕೇಳಿದ್ದಲ್ಲ. ನಮ್ಮ ಚಳವಳಿ ಹಾಡಿನಿಂದ ಬೆಳೆದದ್ದು. ಎಪ್ಪತ್ತರ ದಶಕದಲ್ಲಿ ಬಿ. ಕೃಷ್ಣಪ್ಪನವರು ಕಟ್ಟಿದ ದಸಂಸ, ಸಿದ್ಧಲಿಂಗಯ್ಯನವರ ಪದಗಳು, ತಮಟೆ. ಆ ಹಾಡು ಕೇಳಿ ಮೈ ಬಿಸಿಯಾಗಿಯೇ ನಾವೆಲ್ಲ ಬೀದಿಗೆ ಬಂದದ್ದು. ಪ್ರೇಮಗೀತೆ ನಮಗೆ ಯಾಕೋ ಹೊಟ್ಟೆ ತುಂಬಿದವರ ವಸ್ತು ಅಂತ ಕಂಡಿತು. ಆದರೆ ನಾನು ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬಿಡಿಸಿ ಬರೀತೇನೆ. ಕೆಲವು ತಾರೀಕುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

1955ರ ಆಗಸ್ಟ್ 28. ಮಿಸಿಸಿಪ್ಪಿಯಲ್ಲಿ ಎಮ್ಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಕೊಂದು ನದಿಗೆ ಹಾಕಿದರು. ಬಿಳಿ ಹೆಂಗಸನ್ನು ನೋಡಿ ಸಿಳ್ಳೆ ಹೊಡೆದ ಅನ್ನುವುದು ಆರೋಪ. ಕೊಲೆಗಾರರ ವಿಚಾರಣೆ ಶುರುವಾದದ್ದು ಸೆಪ್ಟೆಂಬರ್ 19ಕ್ಕೆ. ಅದೇ ಸೆಪ್ಟೆಂಬರ್ 19ರ ಸಂಜೆ, ದೇಶದ ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯದ ಕಾರ್ಮೆಲ್‌ನಲ್ಲಿ ಎರೋಲ್ ಗಾರ್ನರ್ ಒಂದು ಸರಿಯಿಲ್ಲದ ಪಿಯಾನೋದ ಮೇಲೆ ಪ್ರೇಮಗೀತೆಗಳನ್ನು ನುಡಿಸುತ್ತಿದ್ದರು. ಸೈನಿಕರಿಗೆ ಕೇಳಿಸಲು ಅಂತ ಅಲ್ಲಿ ಯಾರೋ ಮಾಡಿಕೊಂಡ ಟೇಪು ಆಮೇಲೆ ‘ಕಾನ್ಸರ್ಟ್ ಬೈ ದ ಸೀ’ ಅಂತ ಬಂತು, ಜಾಝ್ ಚರಿತ್ರೆಯಲ್ಲೇ ಅತಿ ಹೆಚ್ಚು ಮಾರಾಟವಾದ ತಟ್ಟೆಗಳಲ್ಲಿ ಒಂದು. (ಅದರಲ್ಲಿ ‘ಮಿಸ್ಟಿ’ ಇಲ್ಲ, ಹುಡುಕಬೇಡಿ.) ನಾಲ್ಕು ದಿನ ಬಿಟ್ಟು, 23ಕ್ಕೆ, ಬರೀ ಬಿಳಿ ಗಂಡಸರಿದ್ದ ಜ್ಯೂರಿ ಒಂದು ಗಂಟೆ ಚಿಲ್ಲರೆ ಹೊತ್ತಿನಲ್ಲಿ ಕೊಲೆಗಾರರನ್ನು ಬಿಟ್ಟಿತು.

1956ರ ಏಪ್ರಿಲ್ 10. ಅಲಬಾಮದ ಬರ್ಮಿಂಗ್‌ಹ್ಯಾಮಿನಲ್ಲಿ ಬಿಳಿಯರೇ ತುಂಬಿದ ಸಭೆಗೆ ಹಾಡುತ್ತಿದ್ದ ನ್ಯಾಟ್ ಕಿಂಗ್ ಕೋಲ್ ಮೇಲೆ ಬಿಳಿ ಗೂಂಡಾಗಳು ವೇದಿಕೆ ಹತ್ತಿ ಹಲ್ಲೆ ಮಾಡಿದರು. ಅವರು ಹಾಡುತ್ತಿದ್ದದ್ದು ಕ್ರಾಂತಿಗೀತೆ ಅಲ್ಲ, ಪ್ರೇಮಗೀತೆ.

1959. ಜಾನಿ ಮ್ಯಾಥಿಸ್ ‘ಮಿಸ್ಟಿ’ ಹಾಡಿದ ವರ್ಷ. ಅದೇ ವರ್ಷ ಜನವರಿ 6ಕ್ಕೆ ವರ್ಜೀನಿಯಾದ ನ್ಯಾಯಾಲಯ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ದಂಪತಿಗೆ ಒಂದು ವರ್ಷ ಜೈಲು ಅಂತ ತೀರ್ಪು ಕೊಟ್ಟಿತು. 25 ವರ್ಷ ಆ ರಾಜ್ಯಕ್ಕೆ ಒಟ್ಟಿಗೆ ಕಾಲಿಡದಿದ್ದರೆ ಜೈಲು ಬೇಡ ಅಂತ ಷರತ್ತು. ಅಪರಾಧ ಏನು? ಗಂಡ ಬಿಳಿಯ, ಹೆಂಡತಿ ಕಪ್ಪು. ಅಂಥ ಕಾನೂನುಗಳು ಸಂವಿಧಾನ ವಿರೋಧಿ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1967ರ ಜೂನ್ 12ಕ್ಕೆ. ಅಷ್ಟರವರೆಗೂ 16 ರಾಜ್ಯಗಳಲ್ಲಿ ಕಾನೂನು ಹಾಗೇ ಇತ್ತು.

ಅಂದರೆ ಕಪ್ಪು ಮನುಷ್ಯ ಕಟ್ಟಿದ, ಕಪ್ಪು ಮನುಷ್ಯ ಹಾಡಿದ ಪ್ರೇಮಗೀತೆಯನ್ನು ಹಾಕಿಕೊಂಡು ಬಿಳಿ ಜೋಡಿಗಳು ಕುಣಿಯುತ್ತಿದ್ದವು. ಆ ಹಾಡಿನವರು ಅವರ ಬೀದಿಯಲ್ಲಿ ಪ್ರೀತಿ ಮಾಡಿದ್ದರೆ ಪೊಲೀಸು ಬರುತ್ತಿತ್ತು. ಮ್ಯಾಥಿಸ್ ಕತೆಯಲ್ಲಿ ಇನ್ನೊಂದು ಗಂಟು ಉಂಟು. ಗಂಡು-ಹೆಣ್ಣಿನ ಪ್ರೀತಿಯ ಅಷ್ಟು ಹಾಡು ಹಾಡಿದ ಅವರು ತಾನು ಸಲಿಂಗಪ್ರೇಮಿ ಅಂತ 1982ರಲ್ಲಿ ಒಂದು ಪತ್ರಿಕೆಗೆ ಹೇಳಿದಾಗ ಕೊಲೆ ಬೆದರಿಕೆ ಬಂದವು.

ಇದೆಲ್ಲ ನಮಗೆ ಹೊಸತಾ? ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಇಬ್ಬರು ಅಪ್ಪಂದಿರನ್ನು ಎಳೆಹೂಟೆ ಕಟ್ಟಿಸಿದ ಕತೆ ನಮ್ಮ ನೆನಪಿನಲ್ಲೇ ಉಂಟು. ಜಾತಿ ಮುರಿಯಬೇಕಾದರೆ ರಕ್ತ ಬೆರೆಯಬೇಕು, ಸಹಭೋಜನ ಸಾಲದು, ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಅಂತ ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ವಾದಿಸಿದರು. ಗಾರ್ನರ್ ‘ಮಿಸ್ಟಿ’ ರೆಕಾರ್ಡ್ ಮಾಡಿದ 1954ರಲ್ಲೇ ನಮ್ಮ ವಿಶೇಷ ವಿವಾಹ ಕಾಯ್ದೆ ಬಂತು. ಕಾಯ್ದೆ ಬಂದು ಏಳು ದಶಕ ಆದರೂ ನೋಟಿಸ್ ಬೋರ್ಡಿಗೆ ಹೆಸರು ಬಿದ್ದ ದಿನ ಯಾವ ಜೋಡಿ ಎಲ್ಲಿಗೆ ಓಡಬೇಕು ಅಂತ ಯೋಚಿಸುವವರು ನಾವೇ. ಸಂಗಾತಿಗಳೇ, ಎಷ್ಟು ಸಲ ಸುಳ್ಯ, ಮಡಿಕೇರಿಯ ರಿಜಿಸ್ಟ್ರಾರ್ ಆಫೀಸಿನ ಹೊರಗೆ ನಾವು ಸಾಕ್ಷಿ ಹಾಕ್ಲಿಕ್ಕೆ ನಿಂತಿಲ್ಲ? ಪ್ರೇಮ ನಮಗೆ ಹೊಟ್ಟೆ ತುಂಬಿದವರ ವಸ್ತು ಆಗಿದ್ದು ಯಾವಾಗ?

ಬಾಬಾಸಾಹೇಬರು 1913ರಿಂದ 1916ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಪಕ್ಕದಲ್ಲೇ ಹಾರ್ಲೆಮ್. 1946ರಲ್ಲಿ ಕಪ್ಪು ಜನರ ದೊಡ್ಡ ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರಿಗೆ ಕಾಗದ ಬರೆದರು, ಅವರಿಂದ ಉತ್ತರವೂ ಬಂತು. ನಮ್ಮ ಎರಡು ಚರಿತ್ರೆಗಳನ್ನು ಅಕ್ಕಪಕ್ಕ ಇಟ್ಟು ಓದುವುದು ನನ್ನ ಹೊಸ ಚಾಳಿ ಏನಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಭಾಗ. ಅದು ಹಾಡಿನದ್ದಲ್ಲ, ಕಾಗದದ್ದು.

ಗಾರ್ನರ್‌ಗೆ ಮಾರ್ತಾ ಗ್ಲೇಸರ್ ಅನ್ನುವ ಮ್ಯಾನೇಜರ್ ಇದ್ದರು. ಬಿಳಿ ಯಹೂದಿ ಹೆಂಗಸು, ಗಟ್ಟಿಗಿತ್ತಿ. ಕಾರ್ಮೆಲ್‌ನ ಆ ಟೇಪನ್ನು ನೋಡಿ ಹಿಡಿದು ಕಂಪನಿಗೆ ತಲುಪಿಸಿದ್ದು ಇವರೇ. ಕಪ್ಪು-ಬಿಳಿ ಬೇರೆ ಬೇರೆ ಕೂರಿಸುವ ಸಭೆಯಲ್ಲಿ ಗಾರ್ನರ್ ನುಡಿಸುವುದಿಲ್ಲ ಅಂತ ಒಪ್ಪಂದದಲ್ಲೇ ಬರೆಸುತ್ತಿದ್ದರು. 1956ರಲ್ಲಿ ಕೊಲಂಬಿಯಾ ರೆಕಾರ್ಡ್ಸ್ ಜೊತೆ ಮಾಡಿದ ಒಪ್ಪಂದದಲ್ಲಿ ಇನ್ನೊಂದು ಸಾಲು ಸೇರಿಸಿದರು: ಗಾರ್ನರ್ ಒಪ್ಪದ ರೆಕಾರ್ಡಿಂಗನ್ನು ಕಂಪನಿ ಬಿಡುಗಡೆ ಮಾಡುವ ಹಾಗಿಲ್ಲ. ಆ ಕಾಲದಲ್ಲಿ ಒಬ್ಬ ಕಪ್ಪು ಕಲಾವಿದನಿಗೆ ಇಂಥ ಹಕ್ಕು ಸಿಗುವುದು ಅಪರೂಪ. 1960ರಲ್ಲಿ ಕಂಪನಿ ಆ ಸಾಲು ಮೀರಿ ಒಪ್ಪಿಗೆ ಇಲ್ಲದ ತಟ್ಟೆ ಹೊರತಂದಿತು. ಗಾರ್ನರ್ ಕೋರ್ಟಿಗೆ ಹೋದರು. ದೇಶದ ಅತಿ ದೊಡ್ಡ ಕಂಪನಿಗಳಲ್ಲಿ ಒಂದರ ಮೇಲೆ ಕೇಸು. ವರ್ಷಗಟ್ಟಲೆ ಎಳೆದಾಡಿ ಕೊನೆಗೆ ಗೆದ್ದರು. ಆಮೇಲಿನ ರೆಕಾರ್ಡುಗಳನ್ನು ತಮ್ಮದೇ ಆಕ್ಟೇವ್ ಕಂಪನಿಯ ಹೆಸರಿನಲ್ಲಿ ಮಾಡಿ, ಹಂಚುವ ಕೆಲಸ ಮಾತ್ರ ಬೇರೆಯವರಿಗೆ ಕೊಟ್ಟರು.

‘ಬೇಡ’ ಅನ್ನುವ ಹಕ್ಕು. ನಮ್ಮ ಕರಾವಳಿಯ ಕೊರಗರಿಗೆ ಡೋಲು ಬಾರಿಸಲು ಬರುತ್ತಿತ್ತು, ಆದರೆ ಬಾರಿಸುವುದಿಲ್ಲ ಅನ್ನುವ ಹಕ್ಕು ಇರಲಿಲ್ಲ. ಕಂಬಳಕ್ಕೆ ಕರೆದರೆ ಹೋಗಬೇಕು, ಎಂಜಲು ಕೊಟ್ಟರೆ ತಿನ್ನಬೇಕು. ಆ ಅಜಲು ಪದ್ಧತಿಯನ್ನು ಕಾಯ್ದೆ ಮಾಡಿ ನಿಷೇಧಿಸಲು 2000ನೇ ಇಸವಿ ಬರಬೇಕಾಯಿತು. ಕೊಡಗಿನ ವಾಲಗ ಕೇಳಿ ಕಾಲು ಕುಣಿಯದವರು ಯಾರು? ಊದುವ, ಬಡಿಯುವ ಕೈ ಬಹುಪಾಲು ಮೇದರದ್ದು, ಹೊಲೆಯರದ್ದು. ಮದುವೆ ವಿಡಿಯೋದಲ್ಲಿ ಕುಣಿಯುವವರ ಮುಖ ಇರ್ತದೆ, ಬಾರಿಸುವವರದ್ದು ಬರೀ ಕೈ.

ನೊಟೇಶನ್ ಬಂದರೆ ಎಲ್ಲ ಸರಿಯಾಗ್ತದಾ? ಅದೂ ಇಲ್ಲ. ಬೊಂಬಾಯಿಯ ಸಿನಿಮಾ ಸಂಗೀತ ನೋಡಿ. ನೊಟೇಶನ್ ನೀರು ಕುಡಿದ ಹಾಗೆ ಓದುತ್ತಿದ್ದವರು ಗೋವಾದ ವಾದಕರು. ಸೆಬಾಸ್ಟಿಯನ್ ಡಿಸೋಜ, ಆಂಟನಿ ಗೊನ್ಸಾಲ್ವಿಸ್, ಫ್ರಾಂಕ್ ಫರ್ನಾಂಡ್. ಹೋಟೆಲುಗಳಲ್ಲಿ ಜಾಝ್ ನುಡಿಸಿದ ಕೈಗಳು ಸ್ಟುಡಿಯೋಗೆ ಬಂದು ನೂರು ವಯಲಿನುಗಳಿಗೆ ಸಾಲು ಬರೆದುಕೊಟ್ಟವು. ಪರದೆ ಮೇಲೆ ದೊಡ್ಡಕ್ಷರದಲ್ಲಿ ಬಂದದ್ದು ಸಂಗೀತ ನಿರ್ದೇಶಕರ ಹೆಸರು. ಪಿಟ್ಸ್‌ಬರ್ಗಿನಲ್ಲಿ ಓದಲು ಬರದವರನ್ನು ಹೊರಗಿಟ್ಟರು, ಬೊಂಬಾಯಿಯಲ್ಲಿ ಓದಲು ಬಂದವರನ್ನು ಮರೆಗಿಟ್ಟರು. ಅಕ್ಷರ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಹೆಸರು ಎಲ್ಲಿ ಬರಬೇಕು ಅಂತ ತೀರ್ಮಾನ ಮಾಡುವವ ಯಾರು ಅನ್ನುವುದು ಬೇರೆ ಪ್ರಶ್ನೆ.

ನಮ್ಮಜ್ಜಿ ನೇಜಿ ನೆಡುವಾಗ ಓಬೇಲೆ ಹೇಳುತ್ತಿದ್ದರು. ಮುಂದಾಳು ಅವರೇ, ಉಳಿದ ಹೆಂಗಸರು ಸೊಲ್ಲು ಎತ್ತುತ್ತಿದ್ದರು. ಸೊಂಟ ಬಗ್ಗಿಸಿ ಬೆಳಗಿನಿಂದ ಸಂಜೆವರೆಗೆ, ಕೊರಂಬಿನ ಮೇಲೆ ಮಳೆ. ಪ್ರೀತಿಯ ಪದಗಳಿದ್ದವು, ತುಂಬಾ ಇದ್ದವು. ಯಾರ ಮೇಲೆ ಅಂತ ಕೇಳಿದರೆ ನಗುತ್ತಿದ್ದರು. ಆ ಗದ್ದೆಗಳೆಲ್ಲ ಈಗ ಅಡಿಕೆ, ರಬ್ಬರು. ಒಮ್ಮೆ ಪೇಟೆಯಿಂದ ಯಾರೋ ಟೇಪ್ ರೆಕಾರ್ಡರ್ ತಂದು ಅಜ್ಜಿಯನ್ನು ಎರಡು ದಿನ ಹಾಡಿಸಿಕೊಂಡು ಹೋದರು. ಅಜ್ಜಿ ಸತ್ತ ಮೇಲೆ ಆ ಸ್ವರ ಒಮ್ಮೆ ಕೇಳೋಣ ಅಂತ ನಾನು ಬಹಳ ಹುಡುಕಿದೆ. ಟೇಪು ಎಲ್ಲೂ ಸಿಗಲಿಲ್ಲ. ಅಜ್ಜಿ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿರಲಿಲ್ಲ, ಯಾರೂ ಒತ್ತಿಸಿಕೊಂಡಿರಲಿಲ್ಲ.

ಗಾರ್ನರ್ 1977ರ ಜನವರಿ 2ಕ್ಕೆ ತೀರಿಕೊಂಡರು. ಮಾರ್ತಾ ಗ್ಲೇಸರ್ ಟೇಪು, ಕಾಗದ, ಒಪ್ಪಂದ ಪತ್ರ ಎಲ್ಲವನ್ನೂ ಜೋಪಾನ ಮಾಡಿದ್ದರು. 2014ರಲ್ಲಿ ಅವರೂ ತೀರಿಕೊಂಡ ಮೇಲೆ ಆ ಸಂಗ್ರಹ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಓದಲು ಬರುವುದಿಲ್ಲ ಅಂತ ಬಾಗಿಲು ಹಾಕಿದ ಅದೇ ಊರಿನಲ್ಲಿ ಈಗ ಅವರ ಕಾಗದಗಳನ್ನು ಓದಿ ಜನ ಸಂಶೋಧನೆ ಮಾಡ್ತಾರೆ.

ಇಷ್ಟೂ ಕತೆಯನ್ನು ತುಂಡು ತುಂಡಾಗಿ ತಮ್ಮನಿಗೆ ಹೇಳಿದ್ದು, ಅವನು ರಾತ್ರಿ ಕೊನೆ ಬಸ್ಸಿನಲ್ಲಿ ಘಾಟಿ ಇಳಿಯುವಾಗ, ಫೋನಿನಲ್ಲಿ. ಜೋಡುಪಾಲದ ಹತ್ರ ನೆಟ್‌ವರ್ಕ್ ಹೋಗ್ತದೆ, ಕೊಯನಾಡು ದಾಟಿದ ಮೇಲೆ ಮತ್ತೆ ಬರ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ ಜಾಗ ಅದು, ಮಳೆಯ ರಾತ್ರಿ ಅಲ್ಲಿ ಮಾತು ನಿಂತರೆ ನನಗೆ ಈಗಲೂ ಎದೆ ಹೊಡ್ಕೊಳ್ತದೆ. ಸಂಪಾಜೆ ಗೇಟಿನಲ್ಲಿ ಇಳಿದು ಮನೆಗೆ ನಡೆಯುವಾಗ ಅವನೇ ಒಂದು ವಿಷಯ ಹೇಳಿದ. ಅವನು ‘ಮಿಸ್ಟಿ’ ನುಡಿಸುವ ವಿಡಿಯೋವನ್ನು ರೆಸಾರ್ಟಿನವರು ಇನ್‌ಸ್ಟಾಗ್ರಾಮಿಗೆ ಹಾಕಿದ್ದಾರೆ. ಮಂಜು, ಕಾಫಿ ಕಪ್ಪು, ಕೀಬೋರ್ಡ್ ಮೇಲೆ ಇವನ ಕೈ. ಕೆಳಗೆ ‘ಲೈವ್ ಮ್ಯೂಸಿಕ್’ ಅಂತ ಮಾತ್ರ.

‘ಕೇಳುವುದಾ ಅಣ್ಣ, ಹೆಸರು ಹಾಕಿ ಅಂತ? ಕೆಲಸ ಹೋದರೆ?’

ನಾನು ಕೇಳು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಆಷಾಢದಲ್ಲಿ ಆ ಮನೆಗೆ ಅಕ್ಕಿ ಬರುವುದು ಆ ಸಂಬಳದಿಂದ, ನನ್ನ ಭಾಷಣದಿಂದ ಅಲ್ಲ.

ಎರಡು ವಾರ ಬಿಟ್ಟು ಅವನೇ ಕೇಳಿದ್ದಾನೆ. ಹೆಸರು ಹಾಕಬೇಕು, ಇನ್ನು ಮುಂದೆ ತನ್ನನ್ನು ಕೇಳದೆ ವಿಡಿಯೋ ಹಾಕಬಾರದು, ಎರಡೇ ಮಾತು. ಮ್ಯಾನೇಜರ್ ನೋಡುವಾ ಅಂದಿದ್ದಾರೆ. ಮೊನ್ನೆ ಶನಿವಾರ ನೋಡಿದರೆ ಹೆಸರು ಬಂದಿದೆ, ಸ್ಪೆಲ್ಲಿಂಗ್ ತಪ್ಪು. ಅದನ್ನು ಸರಿ ಮಾಡಿಸ್ಲಿಕ್ಕೆ ನಾಳೆ ಹೋಗ್ತಾನಂತೆ.